ಕೈಗೆ ಬರುವುದು ನೆಲವೋ, ಕಾಗದವೋ, ಬರೀ ಮಾತೋ?

ತುಮಕೂರು: ಕಲ್ಪತರು ನಾಡಿನಲ್ಲಿ ಈಗ ತೆಂಗಿನ ಸಸಿಗಿಂತ ಜೋರಾಗಿ ನಾಟಿಯಾಗುತ್ತಿರುವುದು ಸೈಟಿನ ಕಲ್ಲು. ಕ್ಯಾತ್ಸಂದ್ರದಿಂದ ಊರುಕೆರೆ ದಾಟುವವರೆಗೆ, ಅತ್ತ ಗುಬ್ಬಿ ರಸ್ತೆ, ಇತ್ತ ಕುಣಿಗಲ್ ರಸ್ತೆ, ಎಲ್ಲಿ ನೋಡಿದರೂ ಬಣ್ಣದ ಕಮಾನು. ಕಮಾನಿನ ಹಿಂದೆ ಜಲ್ಲಿ ರಸ್ತೆ. ರಸ್ತೆ ಪಕ್ಕ ನಂಬರು ಬರೆದ ಕಲ್ಲು, ಕಲ್ಲಿನ ಸುತ್ತ ಪಾರ್ಥೇನಿಯಂ. ಮನೆ ಮಾತ್ರ ಅಲ್ಲೊಂದು ಇಲ್ಲೊಂದು.

ಕಾರಣ ಗುಟ್ಟೇನಲ್ಲ. ಈ ಸೈಟುಗಳನ್ನು ಕೊಂಡ ಬಹಳ ಜನ ಮನೆ ಕಟ್ಟಲು ಕೊಂಡವರಲ್ಲ. "ಇರಲಿ ಬಿಡ್ರೀ, ಮುಂದೆ ರೇಟ್ ಬರುತ್ತೆ" ಎಂದು ಕೊಂಡವರು. ನಿವೃತ್ತಿಯಾದ ಮೇಷ್ಟ್ರ ಗ್ರಾಚ್ಯುಟಿ ಅಲ್ಲಿದೆ. ತಿಪಟೂರಿನ ಕೊಬ್ಬರಿ ದುಡ್ಡು ಅಲ್ಲಿದೆ. ಗಾರ್ಮೆಂಟ್ಸ್ ಹೆಣ್ಣುಮಗಳು ಚೀಟಿ ಎತ್ತಿ ಕಟ್ಟಿದ ಅಡ್ವಾನ್ಸೂ ಅಲ್ಲೇ ಇದೆ.

ಇವರ ಬಾಗಿಲಿಗೆ ಈಗ ಇನ್ನೊಂದು ಜಾತಿಯ ಮಾರಾಟಗಾರರು ಬರುತ್ತಿದ್ದಾರೆ. "ಸೈಟು ಯಾಕೆ ಸಾರ್ ತಲೆನೋವು? ರಿಯಲ್ ಎಸ್ಟೇಟ್ ಫಂಡಿಗೆ ಹಾಕಿ, ಬಾಡಿಗೆ ಮನೆಗೆ ಬರುತ್ತೆ" ಅನ್ನುತ್ತಾರೆ. ಇನ್ನೊಬ್ಬ ಬಂದು, "ಕಾಲೆಕರೆ ತೋಟ ತಗೊಳ್ಳಿ, ನಾವೇ ಬೆಳೆದು ಕೊಡ್ತೀವಿ" ಅನ್ನುತ್ತಾನೆ. ಬ್ಯಾಂಕು, ಷೇರು, ಚಿನ್ನ ಬಿಟ್ಟು ಹೀಗೆ ಹಾಕುವ ದುಡ್ಡಿಗೆಲ್ಲ 'ಪರ್ಯಾಯ ಹೂಡಿಕೆ' ಎಂಬ ಭಾರಿ ಹೆಸರೂ ಇದೆ.

ಹೆಸರು ಏನೇ ಇರಲಿ, ಜಮೀನಿನ ಹೆಸರಲ್ಲಿ ದುಡ್ಡು ಕೇಳುವವರ ಹತ್ತಿರ ಮಾರಲು ಇರುವುದು ಮೂರೇ ಸರಕು. ಒಂದು, ನೆಲ. ಎರಡು, ಯಾವುದೋ ಕಟ್ಟಡದ ಬಾಡಿಗೆಯಲ್ಲಿ ಪಾಲು ಕೊಡುವ ಕಾಗದ. ಮೂರು, ಬಾಯಿಮಾತು. ಮೊದಲ ಎರಡಕ್ಕೆ ಬೆಲೆಯುಂಟು, ಅಪಾಯವೂ ಉಂಟು. ಊರು ಮುಳುಗುವುದು ಮೂರನೆಯ ಸರಕನ್ನು ಮೊದಲನೆಯದರ ರೇಟಿಗೆ ಕೊಂಡಾಗ.

ಡಬಲ್ ಆದ ಲೆಕ್ಕ

ಮೊದಲು ನೆಲದ ಲೆಕ್ಕವನ್ನೇ ನೋಡೋಣ. "ಹತ್ತು ವರ್ಷದಲ್ಲಿ ಡಬಲ್ ಆಯ್ತು" ಎಂದು ಹೇಳಿಕೊಳ್ಳದ ಸೈಟಿನ ಯಜಮಾನರಿಲ್ಲ. ಆ ಡಬಲ್ಲಿನ ಹೊಟ್ಟೆಯಲ್ಲಿ ಏನಿದೆ ಎಂದು ಕೂಡಿ ಕಳೆದವರು ಕಡಿಮೆ.

ಲೆಕ್ಕಕ್ಕೆಂದು 30-40ರ ಒಂದು ಸೈಟು ಇಟ್ಟುಕೊಳ್ಳಿ. ಚದರಡಿಗೆ 1,500 ರೂಪಾಯಿ ಎನ್ನಿ. 18 ಲಕ್ಷ ಆಯಿತು. ಇದು ಯಾವ ಬಡಾವಣೆಯ ರೇಟೂ ಅಲ್ಲ, ಬರೀ ಉದಾಹರಣೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಮಾಡಿತು. ಒಟ್ಟು ಶೇ. 7.6. ಅಂದರೆ ಸುಮಾರು 1 ಲಕ್ಷ 37 ಸಾವಿರ. ಬ್ರೋಕರಿಗೆ ಶೇ. 2 ಕೊಟ್ಟರೆ 36 ಸಾವಿರ. ಕೈಬಿಟ್ಟ ದುಡ್ಡು 19 ಲಕ್ಷ 73 ಸಾವಿರ.

ಹತ್ತು ವರ್ಷ ಕಳೆಯಿತು. ಸೈಟು 36 ಲಕ್ಷಕ್ಕೆ ಹೋಯಿತು. ಮತ್ತೆ ಬ್ರೋಕರಿಗೆ 72 ಸಾವಿರ. ಲಾಭದ ಮೇಲೆ ಕೇಂದ್ರಕ್ಕೆ ತೆರಿಗೆ. 2024ರ ಜುಲೈ 23ರಿಂದ ಈಚೆಗೆ ಕೊಂಡ ಜಮೀನಿಗೆ ಹಣದುಬ್ಬರ ಕಳೆದು ಲೆಕ್ಕ ಹಾಕುವ ರಿಯಾಯಿತಿ ಇಲ್ಲ, ನೇರ ಶೇ. 12.5. ಅದು ಸುಮಾರು 1 ಲಕ್ಷ 94 ಸಾವಿರ. ಕೈಗೆ ಉಳಿದದ್ದು 33 ಲಕ್ಷ 30 ಸಾವಿರ ಚಿಲ್ಲರೆ.

19 ಲಕ್ಷ 73 ಸಾವಿರ ಹತ್ತು ವರ್ಷಕ್ಕೆ 33 ಲಕ್ಷ ಚಿಲ್ಲರೆ ಆಯಿತೆಂದರೆ ವರ್ಷಕ್ಕೆ ಬಿದ್ದದ್ದು ಶೇ. 5.4. ಅದೇ ದುಡ್ಡನ್ನು ಶೇ. 7ರ ಠೇವಣಿಯಲ್ಲಿ ಹಾಕಿ ಮರೆತಿದ್ದರೆ 38 ಲಕ್ಷ ದಾಟುತ್ತಿತ್ತು. ಬಡ್ಡಿಗೆ ತೆರಿಗೆ ಇದೆ ನಿಜ. ಆದರೆ ಜಾಲಿ ಕಡಿಸುವ ಕೂಲಿ ಇಲ್ಲ, ಬೇಲಿ ಇಲ್ಲ, ಖಾಲಿ ನಿವೇಶನದ ಕಂದಾಯ ಇಲ್ಲ, ಪಕ್ಕದವ ಕಲ್ಲು ಸರಿಸಿದ ಎಂಬ ಜಗಳವೂ ಇಲ್ಲ.

ಸೈಟು ಮೂರರಷ್ಟಾದರೆ? ಆಗ ಇದೇ ಲೆಕ್ಕದಲ್ಲಿ ವರ್ಷಕ್ಕೆ ಶೇ. 9ರ ಮೇಲೆ ಬರುತ್ತದೆ. ಒಳ್ಳೆಯದೇ. ಮೂರರಷ್ಟಾದ ಸೈಟುಗಳು ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಆದರೆ ಮದುವೆ ಮನೆಯಲ್ಲಿ ಕೇಳಿಬರುವುದು ಗೆದ್ದವನ ಕಥೆ ಮಾತ್ರ. ಮಾರಲಾಗದೆ ಕೂತವನು ಸುಮ್ಮನೆ ಊಟ ಮಾಡಿ ಎದ್ದು ಹೋಗುತ್ತಾನೆ.

ಇನ್ನೊಂದು ಪೆಟ್ಟು ಕಾಣದಂಥದ್ದು. "ಪತ್ರದಲ್ಲಿ ಹತ್ತು ಬರೆಸಿ, ಉಳಿದದ್ದು ಕೈಗೆ ಕೊಡಿ" ಎನ್ನುವ ಪದ್ಧತಿ. ಕೊಳ್ಳುವಾಗ ಶುಲ್ಕ ಉಳಿಯಿತೆಂದು ಖುಷಿ. ಮಾರುವಾಗ ಪತ್ರದಲ್ಲಿರುವ ಹತ್ತೇ ಕೊಂಡ ಬೆಲೆ. ಕೈಯಿಂದ ಕೊಟ್ಟ ಎಂಟು ಲಕ್ಷವೂ 'ಲಾಭ'ವಾಗಿ ತೆರಿಗೆ ಕಟ್ಟುವಂತಾಗುತ್ತದೆ. ಸ್ಥಿರಾಸ್ತಿ ಮಾರುವವನು 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದು ಎಷ್ಟು ಜನರಿಗೆ ಗೊತ್ತು?

ಬರುತ್ತದೆ, ಬರುತ್ತದೆ

ಸೈಟು ಮಾರುವವರ ಬಂಡವಾಳ ಒಂದೇ ಶಬ್ದ, 'ಬರುತ್ತದೆ'. ಮೆಟ್ರೋ ಬರುತ್ತದೆ. ಏರ್‌ಪೋರ್ಟ್ ಬರುತ್ತದೆ. ಫ್ಯಾಕ್ಟರಿ ಬರುತ್ತದೆ.

ಬಂದದ್ದೂ ಉಂಟು. ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. ಆದರೆ ಶಂಕುಸ್ಥಾಪನೆ ಆದದ್ದು 2016ರ ಜನವರಿಯಲ್ಲಿ, ಉದ್ಘಾಟನೆ ಆದದ್ದು 2023ರ ಫೆಬ್ರವರಿಯಲ್ಲಿ. ಏಳು ವರ್ಷ. ವಸಂತನರಸಾಪುರದ ಕಡೆ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ನೋಡ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರಿನಲ್ಲಿ. ಕಾರ್ಖಾನೆ ಬರುವುದಕ್ಕೂ, ಅದರ ಸುತ್ತ ಮನೆ ಬೇಕಾಗುವುದಕ್ಕೂ, ಆ ಬೇಡಿಕೆ ನಮ್ಮ ಸೈಟಿನವರೆಗೆ ನಡೆದು ಬರುವುದಕ್ಕೂ ನಡುವೆ ವರ್ಷಗಟ್ಟಲೆ ದಾರಿ ಇದೆ.

ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಬಂತು. ಅಲ್ಲಿಂದ ತುಮಕೂರಿಗೆ ತರಬಹುದೇ ಎಂಬ ಕಾರ್ಯಸಾಧ್ಯತೆ ವರದಿ ಆಯಿತು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಮೂರು ಜಾಗ ನೋಡಿತು. ಎರಡು ಕನಕಪುರ ರಸ್ತೆ ಕಡೆ, ಒಂದು ನೆಲಮಂಗಲ–ಕುಣಿಗಲ್ ರಸ್ತೆ ಕಡೆ. ತಂಡದ ಜೀಪು ಊರು ಬಿಡುವ ಮೊದಲೇ ಚದರಡಿ ರೇಟು ಏರುವುದು ನಮ್ಮಲ್ಲಿ ರೂಢಿ. ವರದಿ ಅಂದರೆ ಹಳಿಯಲ್ಲ, ಜಾಗ ನೋಡುವುದು ರನ್‌ವೇ ಅಲ್ಲ. ಆದರೆ ಸೈಟು ಕೊಳ್ಳುವವ ರನ್‌ವೇಯ ಬೆಲೆಯನ್ನು ಇವತ್ತೇ ಕೊಟ್ಟುಬಿಡುತ್ತಾನೆ.

ಯೋಜನೆ ಹತ್ತಿರ ಬಂದರೂ ಇನ್ನೊಂದು ಗಂಡಾಂತರ. ಕೆ.ಐ.ಎ.ಡಿ.ಬಿ. ಕಾಯ್ದೆಯ 28(1)ರಡಿ ಪ್ರಾಥಮಿಕ ಅಧಿಸೂಚನೆ ಬಿದ್ದರೆ ಆ ಜಮೀನಿಗೆ ಗಿರಾಕಿ ಸಿಗುವುದಿಲ್ಲ. ಸರ್ಕಾರ ತೆಗೆದುಕೊಳ್ಳುತ್ತದೋ ಬಿಡುತ್ತದೋ ಗೊತ್ತಾಗುವವರೆಗೆ ಕಾಯಬೇಕು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲೆ ಹೋರಾಡಿದ ನಂತರ 2025ರ ಜುಲೈಯಲ್ಲಿ ಸರ್ಕಾರ ಅಲ್ಲಿನ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ಅಲ್ಲಿ ರೈತರಿಗೆ ಸಂಘಟನೆ ಇತ್ತು. ಊರೂರಿಗೆ ಹರಿದುಹಂಚಿದ ಸೈಟುದಾರರಿಗೆ ಯಾವ ಸಂಘ ಇದೆ?

ಕಾಗದ ನೋಡಿದವರಾರು?

ನೆಲ ಕೊಳ್ಳುವವ ನಿಜವಾಗಿ ಕೊಳ್ಳುವುದು ಹಕ್ಕನ್ನು. ಹಕ್ಕಿರುವುದು ಕಡತದಲ್ಲಿ. ಕಮಾನಿಗೆ ಹೊಡೆದ ಬಣ್ಣದಲ್ಲಿ ಅಲ್ಲ.

ಜಮೀನು ಅಲಿನೇಷನ್ ಆಗಿದೆಯೇ? ಬಡಾವಣೆ ನಕ್ಷೆಗೆ ಟೂಡಾ ಮಂಜೂರಾತಿ ಇದೆಯೇ? 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ ನಂಬರು ಇದೆಯೇ? ಇದೆ ಎಂದರೆ ಸಾಲದು, ರೇರಾ ದಾಖಲೆಯಲ್ಲಿ ಆ ನಂಬರು ಅದೇ ಸರ್ವೆ ನಂಬರಿಗೆ ಸೇರಿದ್ದೇ ಎಂದು ನೋಡಬೇಕು. 2016ರ ಆ ಕಾಯ್ದೆ ಪ್ರಕಾರ ಗಿರಾಕಿಗಳಿಂದ ಬಂದ ದುಡ್ಡಿನ ಶೇ. 70 ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಕಾನೂನು ಚೆನ್ನಾಗಿದೆ. ಆದರೆ ದುಡ್ಡು ವಾಪಸ್ ಕೊಡಿಸುವ ಆದೇಶ ಬಂದ ಮೇಲೂ ಕೊಡದಿದ್ದರೆ ವಸೂಲಿ ಕಂದಾಯ ಇಲಾಖೆಗೇ ಹೋಗುತ್ತದೆ, ಅಲೆದಾಟ ಅಲ್ಲಿಂದ ಮತ್ತೆ ಶುರು.

ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂದಾಯಿತು. ರೆವಿನ್ಯೂ ಸೈಟು ಕೊಂಡು ಹತ್ತು ವರ್ಷದ ಹಿಂದೆ ಜಾಣನಾದವ ಆಗ ಮಾರಲು ಹೋಗಿ ಕಂಗಾಲಾದ. ಸೈಟು ಅಲ್ಲೇ ಇದೆ, ಯಾರೂ ಕದ್ದಿಲ್ಲ, ಮಾರಲು ಮಾತ್ರ ಆಗುತ್ತಿಲ್ಲ. ಜಿ.ಪಿ.ಎ. ಮೇಲೆ ಕೊಂಡವರದು ಇನ್ನೂ ಕಷ್ಟ. ಜಿ.ಪಿ.ಎ.ಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಖಡಾಖಂಡಿತ ಹೇಳಿದೆ. ಈಗಲೂ "ಸದ್ಯಕ್ಕೆ ಜಿ.ಪಿ.ಎ. ಮಾಡಿಸ್ಕೊಳ್ಳಿ ಸಾರ್" ಎನ್ನುವವರು ಇದ್ದಾರೆ. ಮಾಡಿಸಿಕೊಳ್ಳುವವರೂ ಇದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾವ ಬ್ರೋಕರೂ ಬಾಯಿಬಿಡುವುದಿಲ್ಲ. ಆ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಆಗಿದ್ದು, ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಮಾರಾಟವೇ ಶೂನ್ಯ. ಜಮೀನು ಮೂಲ ಮಂಜೂರುದಾರನ ಮನೆಗೆ ವಾಪಸ್ ಹೋಗಬೇಕು. ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಬಡವನ ಎರಡೆಕರೆಯನ್ನು ಪುಡಿಗಾಸಿಗೆ ಬರೆಸಿಕೊಂಡ ಕಾಲವನ್ನು ಬಲ್ಲವರು ಈ ಕಾನೂನಿಗೆ ತಪ್ಪು ಹೇಳಲಾರರು. ತಪ್ಪು ಅದನ್ನು ಮುಚ್ಚಿಟ್ಟು ಇಪ್ಪತ್ತು ಸೈಟು ಮಾಡಿ ಮಾರಿದವನದು. ದಂಡ ಕಟ್ಟುವವ ಮಾತ್ರ ಕೊನೆಯಲ್ಲಿ ಕೊಂಡ ಮೇಷ್ಟ್ರು.

ರೈತನ ಲೆಕ್ಕವೂ ಒಂದು ಮಾತು. ಆತ ಮಾರುವುದು ಎಕರೆ ಲೆಕ್ಕದಲ್ಲಿ, ಬಡಾವಣೆಯವ ಮಾರುವುದು ಅಡಿ ಲೆಕ್ಕದಲ್ಲಿ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಕಳೆದು 24 ಸಾವಿರ ಅಡಿ ಉಳಿಯಿತೆನ್ನಿ, 30-40ರ 20 ಸೈಟು. ಮೇಲಿನ ಉದಾಹರಣೆಯ ರೇಟಿನಲ್ಲಿ 3 ಕೋಟಿ 60 ಲಕ್ಷ. ಇದರಲ್ಲಿ ರೈತನಿಗೆ ಎಷ್ಟು ಹೋಯಿತು, ಚರಂಡಿ ನೀರಿಗೆ ಎಷ್ಟು ಖರ್ಚಾಯಿತು ಎಂದು ಅದೇ ಬಡಾವಣೆಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಬೆಂಗಳೂರಿನ ಬಾಡಿಗೆಯಲ್ಲಿ ಪಾಲು

ಈಗ ಎರಡನೇ ಸರಕು, ಕಾಗದ. ಇದರಲ್ಲಿ ಮುಖ್ಯವಾದದ್ದು 'ರೀಟ್'. ದೊಡ್ಡ ದೊಡ್ಡ ಕಚೇರಿ ಕಟ್ಟಡ, ಮಾಲುಗಳನ್ನು ಒಂದು ಟ್ರಸ್ಟಿಗೆ ಸೇರಿಸಿ, ಅದರ ಪಾಲನ್ನು ಯೂನಿಟ್ ಮಾಡಿ ಷೇರುಪೇಟೆಯಲ್ಲಿ ಮಾರುವ ಏರ್ಪಾಟು. ಸೆಬಿ 2014ರಲ್ಲಿ ನಿಯಮ ಮಾಡಿತು. ದೇಶದ ಮೊದಲ ರೀಟ್, ಎಂಬೆಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 300 ರೂಪಾಯಿಯಂತೆ ಪೇಟೆಗೆ ಬಂತು. ನಾಗವಾರದ ಮಾನ್ಯತಾ ಪಾರ್ಕು ಅದರದೇ. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಬಂದವು. 2023ರಲ್ಲಿ ಬಂದ ನೆಕ್ಸಸ್ ಸೆಲೆಕ್ಟ್ ಟ್ರಸ್ಟಿನ ಮಾಲುಗಳಲ್ಲಿ ಮೈಸೂರಿನದೂ ಮಂಗಳೂರಿನದೂ ಇವೆ.

ಮೊದಲು ಇದಕ್ಕೆ ಕಾಲಿಡಲು ಎರಡು ಲಕ್ಷಕ್ಕೂ ಮೇಲೆ ಬೇಕಿತ್ತು. 2021ರಲ್ಲಿ ಸೆಬಿ ಒಂದು ಯೂನಿಟ್ಟನ್ನೂ ಕೊಳ್ಳಬಹುದೆಂದು ಮಾಡಿತು. ಅಂದರೆ ಮಂಡಿಪೇಟೆಯ ಹಮಾಲಿಯೂ ಡಿಮ್ಯಾಟ್ ಖಾತೆ ಇದ್ದರೆ ಮಾನ್ಯತಾ ಪಾರ್ಕಿನ ಬಾಡಿಗೆಯಲ್ಲಿ ಚೂರು ಪಾಲುದಾರನಾಗಬಹುದು. ಆಸ್ತಿಯ ಶೇ. 80 ಕಟ್ಟಿ ಮುಗಿದು ಬಾಡಿಗೆ ಬರುವಂಥದ್ದೇ ಆಗಿರಬೇಕು. ಹಂಚಲು ಸಿಗುವ ನಗದಿನ ಶೇ. 90 ಹಂಚಲೇಬೇಕು. ಬೇಡವಾದರೆ ಮಾರಲು ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಬೇಕಿಲ್ಲ.

ಹಾಗೆಂದು ಇದು ಕಾಮಧೇನುವಲ್ಲ. ಹಂಚಿಕೆ ವರ್ಷಕ್ಕೆ ಸುಮಾರು ಶೇ. 6ರ ಆಸುಪಾಸು. ಬೆಲೆ ಷೇರಿನಂತೆಯೇ ಏರುತ್ತದೆ, ಇಳಿಯುತ್ತದೆ. 300ಕ್ಕೆ ಬಂದ ಎಂಬೆಸಿ ಯೂನಿಟ್ ನಾಲ್ಕು ವರ್ಷ ಕಳೆದ ಮೇಲೆ, 2023ರಲ್ಲಿ, ಮತ್ತೆ 300ರ ಸುತ್ತಲೇ ಬಂದು ನಿಂತಿತ್ತು. ಕಂಪನಿಗಳು ಕಚೇರಿ ಖಾಲಿ ಮಾಡಿದರೆ ಬಾಡಿಗೆ ಇಲ್ಲ. ಬ್ಯಾಂಕ್ ಬಡ್ಡಿ ಏರಿದರೆ ಯೂನಿಟ್ ಬೆಲೆಗೆ ಪೆಟ್ಟು. ಮೇಲಾಗಿ ಈ ಯೂನಿಟ್ಟಿನ ಮೇಲೆ ಮಗನಿಗೆ ಮನೆ ಕಟ್ಟಿಕೊಡಲು ಆಗುವುದಿಲ್ಲ.

ಇದಕ್ಕೆ ಚಿಕ್ಕ ತಮ್ಮನೊಬ್ಬ 2024ರಲ್ಲಿ ಹುಟ್ಟಿದ, ಸಣ್ಣ ಮತ್ತು ಮಧ್ಯಮ ರೀಟ್. 50ರಿಂದ 500 ಕೋಟಿವರೆಗಿನ ಆಸ್ತಿಗೆ. ಹೆಸರು ಸಣ್ಣದು, ಹಾಕಬೇಕಾದ್ದು ಕಡಿಮೆಯೆಂದರೂ 10 ಲಕ್ಷ. ಇನ್ನು ನಿಜವಾದ ರಿಯಲ್ ಎಸ್ಟೇಟ್ ಫಂಡುಗಳು 2012ರ ಸೆಬಿ ನಿಯಮದ ಪರ್ಯಾಯ ಹೂಡಿಕೆ ನಿಧಿಗಳು. ಅಲ್ಲಿ ಒಬ್ಬ ಸಾಮಾನ್ಯ ಹೂಡಿಕೆದಾರ ಹಾಕಬೇಕಾದ ಕನಿಷ್ಠ ಮೊತ್ತ 1 ಕೋಟಿ. ಕಟ್ಟುತ್ತಿರುವ ಯೋಜನೆಗಳಿಗೆ ಸಾಲ, ಬಂಡವಾಳ ಕೊಡುವ ದಂಧೆ ಅದು. ದುಡ್ಡು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ.

ಹಾಗಾದರೆ ಬಟವಾಡಿಯ ಟೀ ಅಂಗಡಿಯಲ್ಲಿ ಕೂತು "ಐವತ್ತು ಸಾವಿರ ಕೊಡಿ, ರಿಯಲ್ ಎಸ್ಟೇಟ್ ಫಂಡಿಗೆ ಹಾಕ್ತೀವಿ" ಎನ್ನುವವ ಮಾರುತ್ತಿರುವುದು ಏನು? ಅವನದು ಸೆಬಿ ಒಪ್ಪಿದ ಫಂಡು ಆಗಿರಲಾರದು. ಅದು ಮೂರನೇ ಸರಕು.

ಮಾತಿನ ಸರಕು

ಈ ಸರಕಿಗೆ ಹಳೆಯ ಚರಿತ್ರೆ ಇದೆ. 1990ರ ದಶಕದಲ್ಲಿ ತೇಗದ ಹುಚ್ಚು ಹಿಡಿದಿತ್ತು. ಒಂದು ಗಿಡ ಕೊಂಡರೆ ಇಪ್ಪತ್ತು ವರ್ಷಕ್ಕೆ ಲಕ್ಷ ಎಂದರು. ಚೆನ್ನೈನ ಅನುಭವ್ ಪ್ಲಾಂಟೇಷನ್ಸ್ ದಶಕ ಮುಗಿಯುವ ಮೊದಲೇ ಮುಳುಗಿತು. ಆಮೇಲೆ ಪಿ.ಎ.ಸಿ.ಎಲ್. ಕೃಷಿ ಜಮೀನು ಕೊಡಿಸುತ್ತೇವೆಂದು ದೇಶದಾದ್ಯಂತ ಸುಮಾರು 5.8 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿತು. ತಲೆಗೆ ಸರಾಸರಿ ಎಂಟೂವರೆ ಸಾವಿರ. ದೊಡ್ಡ ಕುಳಗಳ ದುಡ್ಡಲ್ಲ ಅದು, ಕೂಲಿಯವರ, ಹಾಲು ಹಾಕುವವರ ದುಡ್ಡು. ವಾಪಸ್ ಕೊಡಿ ಎಂದು ಸೆಬಿ 2014ರಲ್ಲಿ ಆದೇಶಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ಮಾಡಿ ಆಸ್ತಿ ಮಾರಿ ಹಂಚಲು ಹೇಳಿತು. ಜಮೀನು ಇತ್ತು. ಹಣ ಹಾಕಿದವರ ಹೆಸರಲ್ಲಿ ಇರಲಿಲ್ಲ.

ಈಗಿನ ಹೊಸ ವೇಷ 'ನಿರ್ವಹಿಸಿದ ತೋಟ'. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಬೆಂಗಳೂರಿನ ದುಡ್ಡು ಮಧುಗಿರಿ, ಶಿರಾ, ಕೊರಟಗೆರೆ ಕಡೆ ಹೊರಳಿತು. ಶ್ರೀಗಂಧ, ಹೆಬ್ಬೇವು, ಬೆಣ್ಣೆಹಣ್ಣು. "ನೀವು ವೀಕೆಂಡ್ ಬನ್ನಿ ಸಾಕು, ಗಿಡ ನಾವು ನೋಡ್ಕೋತೀವಿ." ಪಹಣಿ ಕೊಂಡವನ ಹೆಸರಿಗೆ ಬಂದು, 11ಇ ನಕ್ಷೆಯಾಗಿ, ಪೋಡಿಯಾಗಿ, ಹದ್ದುಬಸ್ತು ಗೊತ್ತಿದ್ದರೆ ಅದು ನೆಲ. ಬೆಳೆ ಬಾರದಿದ್ದರೂ ಮಣ್ಣು ಉಳಿಯುತ್ತದೆ.

ಆದರೆ ಹತ್ತಾರು ಜನರ ದುಡ್ಡು ಒಟ್ಟು ಮಾಡಿ, ಲಾಭದ ಆಸೆ ತೋರಿಸಿ, ನಿರ್ವಹಣೆ ಪೂರ್ತಿ ತಮ್ಮ ಕೈಯಲ್ಲೇ ಇಟ್ಟುಕೊಂಡು, ಹಾಕಿದವನಿಗೆ ದಿನನಿತ್ಯದ ಹಿಡಿತವೇ ಇಲ್ಲದಂತೆ ಮಾಡಿದರೆ, ಅದು ಸೆಬಿ ಕಾಯ್ದೆಯಲ್ಲಿ 'ಸಾಮೂಹಿಕ ಹೂಡಿಕೆ ಯೋಜನೆ'. ನೋಂದಣಿ ಇಲ್ಲದೆ ನಡೆಸುವಂತಿಲ್ಲ. ತೇಗದವರು, ಪಿ.ಎ.ಸಿ.ಎಲ್.ನವರು ಸಿಕ್ಕಿಬಿದ್ದದ್ದು ಇಂಥದ್ದರಲ್ಲೇ. ಶಿರಾದಂಥ ಒಣಭೂಮಿಯಲ್ಲಿ ನೆಟ್ಟ ಗಂಧದ ಗಿಡ ವರ್ಷಕ್ಕೆ ಇಷ್ಟೇ ಲಾಭ ಕೊಡುತ್ತದೆಂದು ಬರೆದುಕೊಡುವವನಿಗೆ ಮಳೆರಾಯನ ಜೊತೆ ಒಪ್ಪಂದವಾಗಿದೆಯೇ ಎಂದು ಒಬ್ಬನಾದರೂ ಕೇಳಬೇಡವೇ?

ಕೇಳಬೇಕಾದವರು ಯಾರು?

ಮನೆ ಕಟ್ಟುವವನಿಗೆ ಸೈಟು ಬೇಕೇ ಬೇಕು. ಅದು ಹೂಡಿಕೆಯಲ್ಲ, ಬದುಕು. ಹೂಡಿಕೆಯವರು ಖಾಲಿ ಸೈಟು ಹಿಡಿದು ಕೂತಷ್ಟೂ ಕಟ್ಟುವವನಿಗೆ ರೇಟು ಏರುತ್ತದೆ, ಆತ ಇನ್ನೂ ನಾಲ್ಕು ಮೈಲಿ ಆಚೆ ಹೋಗುತ್ತಾನೆ, ಅಲ್ಲಿಗೆ ನೀರು, ಬಸ್ಸು ಕೊಡಿ ಎಂದು ಪಾಲಿಕೆಗೆ ಅರ್ಜಿ ಹಾಕುತ್ತಾನೆ. ನಷ್ಟ ಬರೀ ಹೂಡಿದವನದಲ್ಲ.

ಟೂಡಾ ಒಂದು ಕೆಲಸ ಮಾಡಬಹುದು. ಮಂಜೂರಾದ ಬಡಾವಣೆಗಳ ಪಟ್ಟಿಯನ್ನು ಸರ್ವೆ ನಂಬರು ಸಮೇತ ಪ್ರತಿ ಪಂಚಾಯ್ತಿ ಕಟ್ಟೆಯಲ್ಲಿ ಅಂಟಿಸಲಿ. ತಾಲ್ಲೂಕು ಕಚೇರಿ ಪಿ.ಟಿ.ಸಿ.ಎಲ್. ಜಮೀನುಗಳ ಸರ್ವೆ ನಂಬರು ಪಟ್ಟಿಯನ್ನು ಪಕ್ಕದಲ್ಲೇ ಹಾಕಲಿ. ಇದಕ್ಕೆ ಹೊಸ ಕಾನೂನು ಬೇಡ, ಅಂಟು ಡಬ್ಬಿ ಸಾಕು. ಅರ್ಧ ದಲ್ಲಾಳಿಗಳ ಅಂಗಡಿ ಆ ದಿನವೇ ಮುಚ್ಚುತ್ತದೆ. ಮುಚ್ಚಬಾರದು ಎನ್ನುವವರು ಯಾರ್ಯಾರು ಎಂಬುದೂ ಅದೇ ದಿನ ಊರಿಗೆ ತಿಳಿಯುತ್ತದೆ.

ಅಲ್ಲಿಯವರೆಗೆ ದುಡ್ಡು ಹಾಕುವವರೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಹೆಸರು ಯಾವ ಸರ್ಕಾರಿ ಕಡತದಲ್ಲಿ ಬರುತ್ತದೆ? ನಾಳೆ ಬೆಳಿಗ್ಗೆ ಆಸ್ಪತ್ರೆಗೆಂದು ದುಡ್ಡು ಬೇಕಾದರೆ ಎಷ್ಟು ದಿನದಲ್ಲಿ ಕೈಗೆ ಬರುತ್ತದೆ? ಬರುವ ಆದಾಯ ಯಾರ ಜೇಬಿನಿಂದ, ಯಾವ ಬಾಡಿಗೆಯಿಂದ, ಯಾವ ಬೆಳೆಯಿಂದ ಬರುತ್ತದೆ? ಮೂರಕ್ಕೂ ಉತ್ತರ ಇದ್ದರೆ ಸೈಟೋ ಯೂನಿಟ್ಟೋ ಅವರವರ ಇಷ್ಟ.

"ನಿಮಗ್ಯಾಕೆ ಸಾರ್ ಆ ಚಿಂತೆ, ನಾವಿದ್ದೀವಲ್ಲ" ಎಂಬ ಉತ್ತರ ಬಂದರೆ, ಟೀ ಮುಗಿಸಿ ಎದ್ದು ಬರುವುದೇ ಲೇಸು. ಟೀ ದುಡ್ಡು ಬೇಕಾದರೆ ಅವರೇ ಕೊಡಲಿ.